ಮೂರೋ ಎಂಟೋ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರಿಗೆ ಬಾಡಿಗೆ ಮನೆಯ ಅನುಭವ ಇರಲಿಲ್ಲವೆಂದು ತೋರುತ್ತದೆ; ಇದ್ದಿದ್ದರೆ ‘ಮನೆ ಬಿಟ್ಟು ನೋಡು’ ಎಂಬುದನ್ನೂ ಸೇರಿಸುತ್ತಿದ್ದರು. ನ್ಯಾಮತಿಗೆ ಬಂದಮೇಲೆ ನಾನು ಮೂರು ಮನೆ ಬಿಟ್ಟಿದ್ದೇನೆ. ಗಾಡಿಗೆ ಹೇರಿದ್ದು, ಇಳಿಸಿದ್ದು, ಒಡೆದದ್ದು, ಕಳೆದದ್ದು ಎಲ್ಲವೂ ಮರೆತುಹೋಗಿದೆ. ಮರೆಯದೆ ಉಳಿದಿರುವುದು ಒಂದೇ ಒಂದು ಅಂಕೆ. ಅದು ಮೂರೋ ಎಂಟೋ ಎಂಬ ಪ್ರಶ್ನೆ ಹದಿನೈದು ವರ್ಷ ಕಳೆದರೂ ಆಗಾಗ ಬಂದು ಬಾಗಿಲು ತಟ್ಟುತ್ತದೆ.

ಈಚೆಗೆ ಅದನ್ನು ಕರೆತಂದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ಭಾನುವಾರ ಫೋನು ಮಾಡಿದವನು ಮಾತಿನ ನಡುವೆ, “ಒಂದ್ನಿಮಿಷ ಇರ್ರಿ ಸಾರ್, ಮೀಟರ್ ನೋಡಿ ಬರ್ತೀನಿ. ಇವತ್ತಿಗೆ ನಮ್ಮನೆ ಕರೆಂಟ್ ಕಂಪನಿ ಬದಲಾಗ್ತದೆ” ಎಂದ. ನನಗೆ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದ. ಆ ದೇಶದಲ್ಲಿ 1999ರ ಹೊತ್ತಿಗೆ ಎಲ್ಲ ಮನೆಯವರಿಗೂ ತಮಗೆ ಬೇಕಾದ ಕಂಪನಿಯಿಂದ ವಿದ್ಯುತ್ತನ್ನು ಕೊಳ್ಳುವ ಸ್ವಾತಂತ್ರ್ಯ ಬಂತಂತೆ. ತಂತಿ ಅದೇ, ಮೀಟರು ಅದೇ, ದೀಪವೂ ಅದೇ. ಬಿಲ್ಲು ಬರೆಯುವ ಕೈ ಮಾತ್ರ ಬೇರೆ. ಬದಲಾಗುವ ದಿನ ಮನೆಯವನೇ ಮೀಟರು ಓದಿ ಅಂಕೆಯನ್ನು ತಿಳಿಸುತ್ತಾನೆ. ಆ ಒಂದೇ ಅಂಕೆ ಹಳೆಯ ಕಂಪನಿಯ ಲೆಕ್ಕಕ್ಕೆ ಮಂಗಳ, ಹೊಸ ಕಂಪನಿಯ ಲೆಕ್ಕಕ್ಕೆ ಶ್ರೀಕಾರ. ತಿಳಿಸದೆ ಹೋದರೆ ಹಿಂದಿನ ಬಳಕೆಯನ್ನು ನೋಡಿ ಅಂದಾಜು ಕಟ್ಟುತ್ತಾರೆ. ಈಗ ಅಲ್ಲಿ ಬಹಳ ಮನೆಗಳಲ್ಲಿ ಸ್ಮಾರ್ಟ್ ಮೀಟರು ತಾನಾಗಿಯೇ ಲೆಕ್ಕ ಕಳುಹಿಸುತ್ತದೆ. ಇವನ ಮನೆಯದು ಹಳೆಯ ಕಾಲದ್ದು.

“ನೀನು ಹೇಳಿದ್ದನ್ನು ನಂಬ್ತಾರೇನಯ್ಯ?” ಎಂದು ಕೇಳಿದೆ.

“ನಂಬ್ತಾರೆ ಸಾರ್. ತೀರಾ ಹೆಚ್ಚುಕಮ್ಮಿ ಕಂಡ್ರೆ ಮಾತ್ರ ಕೇಳ್ತಾರೆ” ಎಂದ.

ನಾನು ಸುಮ್ಮನಾದೆ. ಅವನು ಲೈನು ಕಡಿಯಿತೆಂದು ಭಾವಿಸಿ ಎರಡು ಸಲ ‘ಹಲೋ’ ಎಂದ.

ನಮ್ಮಲ್ಲಿ ಮನೆಯ ದೀಪಕ್ಕೆ ಕಂಪನಿ ಆರಿಸುವ ಭಾಗ್ಯವಿಲ್ಲ. ಮುಂಬಯಿಯ ಉಪನಗರಗಳಲ್ಲಿ 2009ರ ಬಳಿಕ ಹಾಗೆ ಬದಲಾಯಿಸಿದವರು ಉಂಟು. ನಮ್ಮ ಕಡೆ ಆ ಮಾತಿಲ್ಲ. ನಾವು ಕಂಪನಿಯನ್ನು ಬದಲಾಯಿಸದಿದ್ದರೇನು, ಕಂಪನಿಯೇ ನಮಗಾಗಿ ಹೆಸರು ಬದಲಾಯಿಸುತ್ತ ಬಂದಿದೆ. 1957ರಲ್ಲಿ ಮೈಸೂರು ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ರಾಜ್ಯ ಕರ್ನಾಟಕವಾದ ಮೇಲೆ ಅದು ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯಾಯಿತು. 1999ರಲ್ಲಿ ಮಂಡಳಿ ಹೋಗಿ ನಿಗಮ ಬಂತು. 2002ರಲ್ಲಿ ವಿತರಣೆಯ ಕೆಲಸ ಬೆಸ್ಕಾಂ ಮೊದಲಾದ ಕಂಪನಿಗಳ ಪಾಲಾಯಿತು. ಜನ ಮಾತ್ರ ಇಂದಿಗೂ ‘ಕೆ.ಇ.ಬಿ.ಯವರು ಬಂದಿದ್ದಾರೆ’ ಎಂದೇ ಹೇಳುತ್ತಾರೆ. ನಮ್ಮೂರೂ ಸುಮ್ಮನೆ ಕುಳಿತಿಲ್ಲ. 1997ರಲ್ಲಿ ಹೊನ್ನಾಳಿ ತಾಲ್ಲೂಕಿನ ಜೊತೆಗೆ ಶಿವಮೊಗ್ಗ ಜಿಲ್ಲೆಯನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು; 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ತಾನೂ ಒಂದಾಯಿತು. ಇಷ್ಟೆಲ್ಲ ಆದರೂ ಗೋಡೆಯ ಮೇಲಿನ ಮೀಟರುಗಳಲ್ಲಿ ಒಂದು ಅಂಕೆಯೂ ಹಿಂದುಮುಂದಾಗಲಿಲ್ಲ. ಆಳುವವರು ಬದಲಾದರೆ ಮೀಟರಿಗೆ ತಿಳಿಯುವುದಿಲ್ಲ; ದೀಪ ಹಚ್ಚಿದರೆ ತಿಳಿಯುತ್ತದೆ.

ಕಂಪನಿ ಬದಲಾಯಿಸದಿದ್ದರೂ ನಾವು ಮನೆ ಬದಲಾಯಿಸುತ್ತೇವೆ. ಅಲ್ಲಿಯೂ ಅದೇ ಪ್ರಸಂಗ. ತಿಂಗಳಿಗೊಮ್ಮೆ ಬರುವ ಮೀಟರ್ ರೀಡರು ಕೈಯಲ್ಲಿನ ಯಂತ್ರದಿಂದ ಕೊಡುವ ಚೀಟಿಯಲ್ಲಿ ‘ಇಂದಿನ ಮಾಪನ’, ‘ಹಿಂದಿನ ಮಾಪನ’ ಎಂದು ಎರಡು ಸಾಲು ಇರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ನಾವು ಉರಿಸಿದ್ದು ತಿಳಿಯುತ್ತದೆ. ಆದರೆ ಬಾಡಿಗೆಯವನು ಮನೆ ಬಿಡುವ ದಿನ ರೀಡರು ಬರುವುದಿಲ್ಲ. ಅಂದು ಯಾರಾದರೊಬ್ಬರು ಮೀಟರು ನೋಡಿ, ಇಲ್ಲಿಯತನಕ ನನ್ನದು, ಇಲ್ಲಿಂದ ಮುಂದೆ ನಿನ್ನದು ಎಂದು ಗೆರೆ ಎಳೆಯಬೇಕು.

2010ರ ಫೆಬ್ರುವರಿಯ ಮೊದಲ ವಾರ ನಾನು ಎಳೆದದ್ದು ಅಂಥದೊಂದು ಗೆರೆ. ಎರಡು ಪಾಲಾಗಿದ್ದ ಹಳೆಯ ಹೆಂಚಿನ ಮನೆ. ಮೀಟರು ಒಳಗೆ, ನಡುಮನೆಯ ಬಾಗಿಲ ಮೇಲ್ಗಡೆ. ತಟ್ಟೆ ತಿರುಗುವ ಹಳೆಯ ನಮೂನೆಯದು. ಗಾಜಿನ ಮೇಲೆ ಹೊಗೆ, ಧೂಳು, ಜೇಡರ ಬಲೆ. ಸಂಜೆ ಆರೂವರೆ. ಸಾಮಾನೆಲ್ಲ ಗಾಡಿಯಲ್ಲಿ. ಮನೆಯ ಯಜಮಾನರು ಜಗಲಿಯಲ್ಲಿ ಕುಳಿತು, “ನೀವೇ ನೋಡಿ ಒಂದು ಚೀಟಿ ಬರೆದು ಕೊಡ್ರಿ ಮೇಷ್ಟ್ರೆ. ನೀವು ಬರೆದದ್ದು ಅಂದಮೇಲೆ ನಾನೇನು ನೋಡೋದೈತ್ರಿ” ಎಂದರು.

ಸ್ಟೂಲು ಹತ್ತಿ ನೋಡಿದೆ. ನಾಲ್ಕು, ಎರಡು ಸ್ಪಷ್ಟವಾಗಿದ್ದವು. ಕೊನೆಯದು ಮೂರು, ಅದೂ ಸ್ಪಷ್ಟ. ಹತ್ತರ ಸ್ಥಾನದ್ದು ಮಾತ್ರ ಮೂರೋ ಎಂಟೋ ತಿಳಿಯಲಿಲ್ಲ. ಎಡಗಡೆಯ ಅರ್ಧಕ್ಕೆ ಕೊಳೆ ಅಡ್ಡವಾಗಿತ್ತು. (ಕನ್ನಡದ ಅಂಕೆಯಾಗಿದ್ದರೆ ೩ಕ್ಕೂ ೮ಕ್ಕೂ ಈ ಗೊಂದಲವೇ ಇರುತ್ತಿರಲಿಲ್ಲ, ಆದರೆ ಕನ್ನಡದ ಮೇಷ್ಟರು ಹೀಗೆ ತಪ್ಪಿಸಿಕೊಳ್ಳುವುದು ತರವಲ್ಲ.) ಹಿಂದಿನ ಬಿಲ್ಲಿನ ಮಾಪನ 4198. ಇದು 4233 ಆದರೆ ನನ್ನ ಬಳಕೆ 35 ಯೂನಿಟ್ಟು. 4283 ಆದರೆ 85.

ಎರಡಕ್ಕೂ ನನ್ನಲ್ಲಿ ಕಾರಣವಿತ್ತು. ಆ ತಿಂಗಳು ಹೆಂಡತಿ ಹತ್ತು ದಿನ ಹರಿಹರದ ತವರಿನಲ್ಲಿದ್ದಳು. ಆದ್ದರಿಂದ 35 ಸಲ್ಲದ ಮಾತಲ್ಲ. ಅದೇ ತಿಂಗಳು ಶಿವಮೊಗ್ಗೆಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡ ನನ್ನ ತಂದೆ ಎರಡು ವಾರ ನಮ್ಮಲ್ಲಿದ್ದರು. ಚಳಿಗೆ ದಿನವೂ ಎರಡು ಹೊತ್ತು ಹೀಟರ್ ಕಾಯಿಲು ಹಾಕಿ ನೀರು ಕಾಯಿಸಿದ್ದೆವು. ಸಾವಿರ ವಾಟಿನ ಕಾಯಿಲು ಒಂದು ಗಂಟೆಗೆ ಒಂದು ಯೂನಿಟ್ಟು ನುಂಗುತ್ತದೆ. ನಮ್ಮದು ಅದಕ್ಕಿಂತ ದೊಡ್ಡದು. ಆದ್ದರಿಂದ 85ಕ್ಕೂ ನ್ಯಾಯವಿತ್ತು. ನಾನು ಮೊದಲನೆಯ ಕಾರಣವನ್ನು ಮನಸ್ಸಿಗೆ ತಂದುಕೊಂಡು, ಎರಡನೆಯದನ್ನು ಮನಸ್ಸಿನ ಅಟ್ಟಕ್ಕೆ ಏರಿಸಿ, ಚೀಟಿಯಲ್ಲಿ 4233 ಎಂದು ಬರೆದೆ. ಮುವ್ವತ್ತೈದು ಯೂನಿಟ್ಟಿನ ಹಣ ಕೊಟ್ಟೆ. ಯಜಮಾನರು ಚೀಟಿಯನ್ನು ಪಂಚಾಂಗದೊಳಗೆ ಇಟ್ಟರು. ಐವತ್ತು ಯೂನಿಟ್ಟಿಗೆ ಅಂದಿನ ದರದಲ್ಲಿ ನೂರೈವತ್ತು ರೂಪಾಯಿಗೆ ಹೆಚ್ಚುಕಡಿಮೆ. ಅಷ್ಟೇ.

ಆಮೇಲೆ ಆದದ್ದನ್ನು ಹೇಳುತ್ತೇನೆ. ಮನೆಗೆ ಬೀಗ ಬಿತ್ತು. ರೀಡರು ಬಂದವನು ಬೀಗ ನೋಡಿ, ಪದ್ಧತಿಯಂತೆ ಸರಾಸರಿ ಬರೆದು ಹೋದ. ಮರುದಿನವೋ ಅದರ ಮರುದಿನವೋ ಹೊಸ ಬಾಡಿಗೆಯವರು ಬಂದರು. ಬಟ್ಟೆ ಹೊಲಿಯುವ ಹೆಣ್ಣುಮಗಳು. ಗಂಡ ದೂರದೂರಿನಲ್ಲಿ ದುಡಿಯುತ್ತಿದ್ದ. ಆಕೆ ಆಗತಾನೆ ತುಳಿಯುವ ಮಿಶನ್ನಿಗೆ ಸಣ್ಣ ಮೋಟಾರು ಹಾಕಿಸಿಕೊಂಡಿದ್ದಳು. ಮುಂದಿನ ತಿಂಗಳು ರೀಡರು ಬಂದಾಗ ಮೀಟರು 4336 ತೋರಿಸಿತು. ಯಜಮಾನರು ಪಂಚಾಂಗದಿಂದ ನನ್ನ ಚೀಟಿ ತೆಗೆದು, ಸರಾಸರಿಯ ಲೆಕ್ಕವನ್ನು ಸರಿಮಾಡಿ, 4233ನ್ನು ಕಳೆದು, “103 ಯೂನಿಟ್ ಉರಿಸೀಯಲ್ಲಮ್ಮ” ಎಂದರು. ನಿಜವಾಗಿ ಆಕೆ ಉರಿಸಿದ್ದು 53.

ನನಗೆ ಇದು ತಿಳಿದದ್ದು ಶ್ರಾವಣದಲ್ಲಿ, ಹೆಂಡತಿ ಆಕೆಯ ಬಳಿ ರವಿಕೆ ಹೊಲಿಯಲು ಕೊಟ್ಟು ಬಂದಾಗ. “ಪಾಪ, ಮೋಟಾರು ತೆಗೆದಿಟ್ಟು ಕಾಲಲ್ಲೇ ತುಳೀತಾಳೆ ಕಣ್ರಿ. ಅದು ಕರೆಂಟು ಬಹಳ ತಿನ್ನುತ್ತಂತೆ. ಹಾಕಿದ ತಿಂಗಳು ನೂರಮೂರು ಯೂನಿಟ್ಟು ಬಂತಂತೆ, ತೆಗೆದ ತಿಂಗಳು ನಲವತ್ತನಾಲ್ಕಕ್ಕೆ ಇಳೀತಂತೆ” ಎಂದಳು.

ನಾನು ಲೆಕ್ಕ ಹಾಕಿದೆ. ಹೊಲಿಗೆ ಮಿಶನ್ನಿನ ಮೋಟಾರು ನೂರು ವಾಟು ಎಂದುಕೊಳ್ಳೋಣ. ಅದು ಹತ್ತು ಗಂಟೆ ಎಡೆಬಿಡದೆ ತಿರುಗಿದರೆ ಒಂದು ಯೂನಿಟ್ಟು. ನಾನು ಆಕೆಯ ತಲೆಗೆ ಕಟ್ಟಿದ ಐವತ್ತು ಯೂನಿಟ್ಟು ಆ ಮೋಟಾರಿನ ಐನೂರು ಗಂಟೆಯ ದುಡಿಮೆ. ದಿನಕ್ಕೆ ಮೂರು ಗಂಟೆಯಂತೆ ಐದೂವರೆ ತಿಂಗಳ ಹೊಲಿಗೆ. ನನ್ನ ತಂದೆಯ ಸ್ನಾನದ ನೀರು ಆಕೆಯ ಮೊಣಕಾಲಿನ ನೋವಾಗಿತ್ತು.

ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು: ನಾನು ಸುಳ್ಳು ಹೇಳಿದೆನೇ? ಇಲ್ಲ ಎಂದು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ಎಂಟು ಎಂದು ತಿಳಿದು ಮೂರು ಬರೆಯಲಿಲ್ಲ. ಸಂಶಯವಿತ್ತು, ಎರಡರಲ್ಲಿ ಒಂದನ್ನು ಬರೆಯಬೇಕಾಗಿತ್ತು, ಬರೆದೆ. ಸಹೋದ್ಯೋಗಿಯೊಬ್ಬರ ಮುಂದೆ ಇದನ್ನು ಹೇಳಿಕೊಂಡಾಗ ಅವರು ನನ್ನ ಪರವಾಗಿಯೇ ವಾದಿಸಿದರು. “ನೀವು ಎಂಟು ಬರೆದು ಅದು ಮೂರೇ ಆಗಿದ್ದರೆ ನಿಮಗೆ ನಷ್ಟವಾಗುತ್ತಿತ್ತು. ಆಗ ಯಾರು ಬಂದು ಕೇಳುತ್ತಿದ್ದರು? ಸಂಶಯದ ಲಾಭವನ್ನು ನ್ಯಾಯಾಲಯವೇ ಆರೋಪಿಗೆ ಕೊಡುತ್ತದೆ” ಎಂದರು.

ಮಾತು ಚೆನ್ನಾಗಿದೆ. ಆದರೆ ನ್ಯಾಯಾಲಯದಲ್ಲಿ ಆ ಲಾಭವನ್ನು ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ಸ್ಟೂಲಿನ ಮೇಲೆ ನಿಂತಿದ್ದಾಗ ಎರಡೂ ನಾನೇ ಆಗಿದ್ದೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನ್ಯಾಯಾಧೀಶರು ಸಂಶಯದ ಲಾಭ ಕೊಡುವುದು ಸಾಕ್ಷ್ಯವನ್ನೆಲ್ಲ ಶೋಧಿಸಿದ ಮೇಲೆ. ನನ್ನ ಸಂಶಯವಾದರೋ ಒಂದು ಟಾರ್ಚು ತಂದಿದ್ದರೆ ತೀರುತ್ತಿತ್ತು. ಟಾರ್ಚು ಗಾಡಿಯಲ್ಲಿ, ಮೇಲುಗಡೆಯ ಚೀಲದಲ್ಲಿ, ಇಪ್ಪತ್ತು ಹೆಜ್ಜೆಯ ದೂರದಲ್ಲಿತ್ತು. ಅದೂ ಬೇಡ, ಹೆಗಲ ಮೇಲಿನ ಟವೆಲಿನಿಂದ ಗಾಜು ಒರೆಸಬಹುದಾಗಿತ್ತು. ನಾನು ಒರೆಸಲಿಲ್ಲ. ಏಕೆ ಒರೆಸಲಿಲ್ಲ ಎಂಬುದು ಆ ಕ್ಷಣದಲ್ಲಿಯೇ ನನ್ನ ಒಳಗಿನ ಯಾರಿಗೋ ಗೊತ್ತಿತ್ತು. ಒರೆಸಿದರೆ ಎಂಟು ಕಂಡೀತು ಎಂಬ ಭಯ ಅದು. ಮೂರು ಕಾಣುವುದೆಂಬ ಭರವಸೆ ಇದ್ದಿದ್ದರೆ ಎರಡು ಸಲ ಒರೆಸುತ್ತಿದ್ದೆ.

ತಿಳಿಯದಿರುವುದರಲ್ಲಿ ಎರಡು ಬಗೆ. ಕತ್ತಲಿರುವುದರಿಂದ ತಿಳಿಯದಿರುವುದು ಒಂದು. ಬೆಳಕನ್ನು ತರದಿರುವುದರಿಂದ ತಿಳಿಯದಿರುವುದು ಇನ್ನೊಂದು. ಮೊದಲನೆಯದು ಮನುಷ್ಯನ ಮಿತಿ, ಅದಕ್ಕೆ ಕ್ಷಮೆಯಿದೆ. ಎರಡನೆಯದು ಹೊರಗಿನಿಂದ ನೋಡಿದರೆ ಮೊದಲನೆಯದರ ಹಾಗೆಯೇ ಕಾಣುತ್ತದೆ. ನಮ್ಮಂಥ ಸಭ್ಯರಿಗೆ ಅದು ಬಹು ಪ್ರಿಯ. ಸುಳ್ಳಿಗೆ ಧೈರ್ಯ ಬೇಕು. ಮಧ್ಯಮವರ್ಗದ ಮಾನವಂತರಾದ ನಮಗೆ ಅಷ್ಟು ಧೈರ್ಯವಿಲ್ಲ. ಆದ್ದರಿಂದ ನಾವು ಸುಳ್ಳು ಹೇಳುವುದಿಲ್ಲ, ಟಾರ್ಚು ತರುವುದಿಲ್ಲ. ಮನೆಗೆಲಸದವಳಿಗೆ ಈ ಸಂಬಳ ಸಾಲುತ್ತದೆಯೇ ಎಂದು ಕೇಳುವುದಿಲ್ಲ, ಹೇಗೂ ಸಾಲುತ್ತಿರಬೇಕು. ತಮ್ಮನ ಪಾಲಿಗೆ ಬಂದ ಜಮೀನು ಎಂಥದೆಂದು ಹೋಗಿ ನೋಡುವುದಿಲ್ಲ. ಹೇಗೂ ಪಂಚಾಯಿತಿಯವರು ಹಂಚಿದ್ದು.

ನಮ್ಮ ನ್ಯಾಮತಿ ಮಲೆನಾಡಿಗೂ ಬಯಲುಸೀಮೆಗೂ ನಡುವಣ ಪೇಟೆ. ಪೇಟೆಯ ಜನಕ್ಕೆ ತೂಕದ ಬೆಲೆ ಗೊತ್ತು. ತಕ್ಕಡಿ ಹಿಡಿದವನ ಕೈಯನ್ನು ಕೊಳ್ಳುವವನ ಕಣ್ಣು ನೋಡುತ್ತಿರುತ್ತದೆ. ಹಿಂದಿನವರು ಮನುಷ್ಯನ ನಾಲಗೆಯೊಂದನ್ನೇ ನಂಬಲಿಲ್ಲ. ಭೂಮಿ ಅಳೆಯುವ ಗಳೆಯ ಉದ್ದವನ್ನು ಗುಡಿಯ ಕಲ್ಲಿನಲ್ಲಿಯೇ ಕಡೆದಿಟ್ಟರು. ದಾನದ ಶಾಸನವನ್ನು ಆಚಂದ್ರಾರ್ಕ ಎಂದು ನಿಲ್ಲಿಸಿ, ಸೂರ್ಯಚಂದ್ರರನ್ನು ಕಲ್ಲಿನ ನೆತ್ತಿಯ ಮೇಲೆಯೇ ಕೂರಿಸಿದರು. ನನ್ನ ಚೀಟಿಗೆ ಸೂರ್ಯ ಮುಳುಗಿದ್ದ. ಇದ್ದದ್ದು ನಲವತ್ತು ವಾಟಿನ ಒಂದು ಬಲ್ಬು. ಅದೂ ನನ್ನ ಲೆಕ್ಕದಲ್ಲಿಯೇ ಉರಿಯುತ್ತಿತ್ತು.

ತರಗತಿಯಲ್ಲಿ ನಾನು ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ಪಾಠ ಹೇಳಿದ್ದೇನೆ. ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರಿಗೆ ಪಂತ ಬೀಳುತ್ತದೆ, ರಾಜ್ಯ ಹೋಗುತ್ತದೆ, ಹೆಂಡತಿ ಮಗ ಮಾರಾಟವಾಗುತ್ತಾರೆ, ಸುಡುಗಾಡಿನ ಕಾವಲು ಬರುತ್ತದೆ, ದೇವತೆಗಳೆಲ್ಲ ನೋಡುತ್ತಿರುತ್ತಾರೆ. ಆ ಸತ್ಯದ ದೊಡ್ಡಸ್ತಿಕೆಗೆ ಕೈಮುಗಿಯುತ್ತೇನೆ. ಆದರೆ ಅಂಥ ಪರೀಕ್ಷೆ ಯುಗಕ್ಕೊಬ್ಬನಿಗೆ. ನಮಗೆ ಬರುವ ಪ್ರಶ್ನೆಪತ್ರಿಕೆ ಸಣ್ಣದು, ಪರೀಕ್ಷಕನೇ ಇಲ್ಲದ್ದು; ಪರೀಕ್ಷೆ ನಡೆಯಿತೆಂಬುದೇ ಮುಗಿದ ಮೇಲೆ ತಿಳಿಯುವಂಥದು. ವಿಶ್ವಾಮಿತ್ರನು ಎದುರಿಗೆ ಬಂದು ನಿಂತಿದ್ದರೆ ನಾನೂ ಬಹುಶಃ ಗಾಜು ಒರೆಸುತ್ತಿದ್ದೆ.

ಇಂಗ್ಲೆಂಡಿನ ಹುಡುಗ ಇನ್ನೊಂದು ಸಂಗತಿ ಹೇಳಿದ. 2022ರ ಏಪ್ರಿಲ್ ಒಂದರಿಂದ ಅಲ್ಲಿ ಮನೆಬಳಕೆಯ ಗ್ಯಾಸು ವಿದ್ಯುತ್ತುಗಳ ದರದ ಮಿತಿ ನೂರಕ್ಕೆ ಐವತ್ತನಾಲ್ಕರಷ್ಟು ಏರಿತು. ಹಿಂದಿನ ದಿನ, ಮಾರ್ಚ್ 31ರಂದು, ಉರಿಸಿದ್ದೆಲ್ಲ ಹಳೆಯ ದರಕ್ಕೇ ಸೇರಲೆಂದು ದೇಶದ ಜನವೆಲ್ಲ ಒಟ್ಟಿಗೆ ಮೀಟರು ಓದಿ ಕಳುಹಿಸಹೊರಟು ಕಂಪನಿಗಳ ಜಾಲತಾಣಗಳೇ ಕುಸಿದು ನಿಂತವು. ಅಂದು ಲಾಭವಿದ್ದದ್ದು ಹೆಚ್ಚು ಬರೆಯುವುದರಲ್ಲಿ. ನೂರು ಹೆಚ್ಚು ಬರೆದರೆ ನಾಳೆ ಉರಿಸುವ ನೂರು ಇಂದಿನ ದರಕ್ಕೆ ಸಿಗುತ್ತದೆ. ನನ್ನ ಕಣ್ಣಿಗೆ ಎಂಟು ಮೂರಾಗಿ ಕಂಡಿತ್ತು. ಅಂದು ಅಲ್ಲಿ ಎಷ್ಟು ಮೂರು ಎಂಟಾಗಿ ಕಂಡವೋ ಬಲ್ಲವರಾರು! ಕಣ್ಣು ಮಂಜಾಗುವುದು ಯಾವಾಗಲೂ ಲಾಭದ ದಿಕ್ಕಿನಲ್ಲಿಯೇ.

ಈಗ ಈ ಕಷ್ಟವೆಲ್ಲ ಮುಗಿಯಿತಲ್ಲ ಎನ್ನುವವರಿದ್ದಾರೆ. 2023ರಲ್ಲಿ ಗೃಹಜ್ಯೋತಿ ಬಂದು ಬಹಳ ಮನೆಗಳ ಬಿಲ್ಲು ಸೊನ್ನೆಯಾಗಿದೆ. ಆದರೆ ಆ ಸೊನ್ನೆಯ ಹಿಂದೆಯೂ ಅಂಕೆಯಿದೆ. ಮನೆಯ 2022–23ರ ಬಳಕೆಯ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು, ಒಟ್ಟು ಇನ್ನೂರು ಯೂನಿಟ್ಟಿನ ಮಿತಿ ಎಂಬುದು ಅದರ ಮೂಲಸೂತ್ರ. ಹಿಂದಿನ ಲೆಕ್ಕವಿಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿಯಾದ 53ರ ಮೇಲೆ ನೂರಕ್ಕೆ ಹತ್ತು ಸೇರಿಸಿ 58. ಮನೆ ಬಿಟ್ಟವನು ಹಳೆಯ ಮನೆಯ ಆರ್.ಆರ್. ನಂಬರಿನಿಂದ ತನ್ನ ಆಧಾರನ್ನು ಬಿಡಿಸಿಕೊಂಡು ಹೊಸ ಮನೆಗೆ ಸೇರಿಸಬೇಕು. ಬಿಡಿಸದೆ ಹೋದರೆ ಬಂದವನಿಗೆ ತೊಡಕು. ಪುಕ್ಕಟೆಯ ದೀಪದ ಕೆಳಗೂ ಹೋಗುವವನಿಗೆ ಬರುವವನ ಋಣ ತಪ್ಪಿಲ್ಲ.

ಇನ್ನು ಕೆಲವರು ಯಂತ್ರದ ಕಡೆಗೆ ಬೆರಳು ತೋರಿಸುತ್ತಾರೆ. 2025ರಿಂದ ನಮ್ಮ ರಾಜ್ಯದಲ್ಲಿಯೂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರಿನ ಮಾತು ಬಂದಿದೆ, ಅದರ ಬೆಲೆಯ ಬಗೆಗೆ ಜಗಳವೂ ಆಗಿದೆ. ಯಂತ್ರ ತಾನೇ ಓದಿ ತಾನೇ ಹೇಳುವ ದಿನ ಬಂದರೆ ಒಳ್ಳೆಯದೇ. ನನ್ನಂಥವನ ಕೈಯಿಂದ ಒಂದು ಪ್ರಲೋಭನೆ ತಪ್ಪೀತು. ಆದರೆ ಹೋಗುವವನು ಬರುವವನಿಗೆ ದಾಟಿಸಬೇಕಾದ ಅಂಕೆ ಕರೆಂಟಿನದೊಂದೇ ಅಲ್ಲ. ವರ್ಗವಾಗಿ ಹೋಗುವ ಮೇಷ್ಟರು ಎಷ್ಟು ಪಾಠ ಮುಗಿಸಿದ್ದೇನೆಂದು ಬರೆದಿಡುತ್ತಾರೆ. ಗದ್ದೆ ಬಿಡುವ ಗೇಣಿದಾರ ಬಾವಿಯಲ್ಲಿ ಎಷ್ಟು ನೀರಿದೆಯೆಂದು ಹೇಳುತ್ತಾನೆ. ಹಗಲು ಪಾಳಿಯ ದಾದಿ ರಾತ್ರಿ ಪಾಳಿಯವಳಿಗೆ ಔಷಧಿ ಕೊಟ್ಟ ಹೊತ್ತು ತಿಳಿಸುತ್ತಾಳೆ. ಇವಕ್ಕೆಲ್ಲ ಸ್ಮಾರ್ಟ್ ಮೀಟರು ಎಲ್ಲಿಂದ ತರೋಣ?

ಹೀಗೆ ದಾಟಿಸಿದ ಅಂಕೆ ತಪ್ಪಾದರೆ ನಷ್ಟ ಹಣದ್ದಷ್ಟೇ ಎಂದು ನಾನು ಮೊದಲು ತಿಳಿದಿದ್ದೆ. ಆ ಹೆಣ್ಣುಮಗಳ ವಿಷಯ ಅದನ್ನು ತಿದ್ದಿತು. ನೂರೈವತ್ತು ರೂಪಾಯಿ ಒಂದು ಸಲಕ್ಕೆ ಹೋಯಿತು. ಆದರೆ ನನ್ನ ಅಂಕೆಯನ್ನು ನಂಬಿ ಆಕೆ ಲೋಕದ ಬಗೆಗೆ ಒಂದು ತೀರ್ಮಾನಕ್ಕೆ ಬಂದಿದ್ದಳು: ಮೋಟಾರು ಕರೆಂಟು ತಿನ್ನುತ್ತದೆ. ತೆಗೆದು ನೋಡಿದಳು, ಬಿಲ್ಲು ಇಳಿಯಿತು, ತೀರ್ಮಾನ ಗಟ್ಟಿಯಾಯಿತು. ವಿಜ್ಞಾನಿ ಮಾಡುವಂತೆಯೇ ಮಾಡಿದಳು. ತಪ್ಪಿದ್ದದ್ದು ಆಕೆಯ ಬುದ್ಧಿಯಲ್ಲಲ್ಲ, ನಾನು ಕೊಟ್ಟ ಮೊದಲ ಅಂಕೆಯಲ್ಲಿ. ಆ ಅಂಕೆ ತನಗೆ ಬೇಕಾದ ಸಾಕ್ಷಿಯನ್ನು ತಾನೇ ಕಟ್ಟಿಕೊಂಡು ನಿಂತುಬಿಟ್ಟಿತ್ತು.

ಹಾಗಾದರೆ ನೀವೇನು ಮಾಡಿದಿರಿ ಎಂದು ಓದುಗರು ಕೇಳಬಹುದು. ಶ್ರಾವಣದಲ್ಲಿ ತಿಳಿದದ್ದನ್ನು ದೀಪಾವಳಿಯವರೆಗೆ ಮುಂದೂಡಿದೆ. ಹಣ ಕೊಡುವುದು ಕಷ್ಟವಾಗಿರಲಿಲ್ಲ. ಮೇಷ್ಟರು ಎಂಬ ಹೆಸರನ್ನು ಸ್ಟೂಲಿನಿಂದ ಕೆಳಗಿಳಿಸುವುದು ಕಷ್ಟವಾಗಿತ್ತು. ಕೊನೆಗೊಂದು ಸಂಜೆ ಹೋದೆ. ಯಜಮಾನರಿಗೆ ಹೇಳಿದಾಗ ಅವರು ನಕ್ಕು, “ಇದಕ್ಕೆಲ್ಲ ಯಾರು ಬರ್ತಾರ್ರಿ ಮೇಷ್ಟ್ರೆ, ಬಿಡ್ರಿ” ಎಂದು ಕಾಫಿ ಕೊಟ್ಟರು. ಪಕ್ಕದ ಪಾಲಿನ ಬಾಗಿಲಲ್ಲಿ ನಿಂತು ಆಕೆಗೆ ಎಲ್ಲವನ್ನೂ ಹೇಳಿದೆ. ಗಾಜು ಒರೆಸಲಿಲ್ಲ ಎಂಬುದನ್ನೂ ಹೇಳಿದೆ. ಮಿಶನ್ನು ನಿಂತಿತು. ಆಕೆ ಹಣವನ್ನು ತೆಗೆದುಕೊಂಡು, ಎಣಿಸಿ, ಸೀರೆಯ ಸೆರಗಿಗೆ ಕಟ್ಟಿಕೊಂಡಳು. ಬೇಡ ಎನ್ನಲಿಲ್ಲ, ಅದಕ್ಕಾಗಿ ನಾನು ಇಂದಿಗೂ ಆಕೆಗೆ ಕೃತಜ್ಞ.

“ಮೋಟಾರು ಮತ್ತೆ ಹಾಕಿಸಬಹುದಲ್ಲಮ್ಮ” ಎಂದೆ.

“ದಸರೆಗೆ ಸವಳಂಗದೋರಿಗೆ ಮಾರಿಬಿಟ್ಟೆ ಸಾರ್” ಎಂದಳು. ಶ್ರಾವಣಕ್ಕೂ ದೀಪಾವಳಿಗೂ ನಡುವೆ ದಸರೆ ಬರುತ್ತದೆಂಬುದು ನನಗೆ ಅಲ್ಲಿಯತನಕ ಹೊಳೆದಿರಲಿಲ್ಲ. ಆಕೆ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಪಡಿಸಿ ಪೆಡಲಿನ ಮೇಲೆ ಕಾಲಿಟ್ಟಳು. ತುಳಿಯುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು:

“ಇಷ್ಟು ದಿನ ಸುಮ್‌ಸುಮ್ನೆ ಆ ಮೋಟಾರಿಗೆ ಬೈದೆ ನೋಡ್ರಿ.”